ನಮ್ಮ ನಡುಮನೆಗೊಪ್ಪುವ ಸ್ಪೀಕರ್

ಸಂಗೀತ ಬಾರದವರಲ್ಲಿ ಎರಡು ಜಾತಿ. ಬಾರದೆಂದು ಒಪ್ಪಿಕೊಂಡು, ಕಚೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಪಕ್ಕದವರು ತಲೆದೂಗಿದಾಗ ತಾವೂ ತೂಗಿ ಮನೆಗೆ ಹೋಗುವವರದು ಒಂದು. ಬಾರದೆಂಬುದನ್ನು ಮುಚ್ಚಿಕೊಳ್ಳಲು ಸಾಮಾನು ಕೊಳ್ಳುವವರದು ಇನ್ನೊಂದು. ನಾನು ಎರಡನೆಯ ಜಾತಿಗೆ ಸೇರಿದವನು, ಅದರಲ್ಲೂ ಸ್ವಲ್ಪ ಮುಂದಿನ ಸಾಲಿನವನು. ಮದರಾಸಿನಲ್ಲಿ ಬದುಕುವವನಿಗೆ ಇದು ಅನಿವಾರ್ಯ. ಇಲ್ಲಿ ಮಾರ್ಗಶಿರ ಮಾಸ ಬಂತೆಂದರೆ ಬಸ್ ಕಂಡಕ್ಟರ್ ಕೂಡ ಟಿಕೆಟ್ ಹರಿಯುತ್ತ ನಿನ್ನೆ ಯಾರ ಭೈರವಿ ಹೇಗಿತ್ತೆಂದು ಹೇಳಬಲ್ಲ. ಅಂಥ ಊರಿನಲ್ಲಿ ಯಾರಾದರೂ ನನ್ನನ್ನು "ಇದು ಯಾವ ರಾಗ ಸಾರ್?" ಎಂದು ಕೇಳಿದರೆ ನಾನು ಹುಬ್ಬು ಗಂಟಿಕ್ಕಿ, "ಮೈಕಿನ ಜಾಗ ಸರಿಯಿಲ್ಲ, ಗಮನಿಸಿದಿರಾ?" ಎನ್ನುತ್ತೇನೆ. ಕೇಳಿದವರು ತಮಗಿಂತ ದೊಡ್ಡ ರಸಿಕನೆಂದು ಸುಮ್ಮನಾಗುತ್ತಾರೆ. ಹೀಗೆ ಸುಮಾರು ವರ್ಷ ಮರ್ಯಾದೆ ಉಳಿಸಿಕೊಂಡು ಬಂದಿದ್ದೇನೆ.

ನನ್ನ ಹೆಂಡತಿ ವನಜ ಹಾಗಲ್ಲ. ಅವಳಿಗೆ ನಿಜಕ್ಕೂ ಹಾಡಲು ಬರುತ್ತದೆ. ಹುಟ್ಟಿ ಬೆಳೆದದ್ದು ಇದೇ ಊರಿನ ತಿರುವಲ್ಲಿಕ್ಕೇಣಿಯಲ್ಲಿ. ಹಾಗಾಗಿ ಅವಳ ಮಾತಿನಲ್ಲಿ ಕನ್ನಡದ ಪಕ್ಕದಲ್ಲೇ ತಮಿಳು ಒತ್ತರಿಸಿಕೊಂಡು ಕೂತಿರುತ್ತದೆ. ಆದರೆ ದಾಸರ ಪದ ಹಾಡತೊಡಗಿದಳೆಂದರೆ ಒಂದಕ್ಷರವೂ ಆಚೀಚೆ ಆಗುವುದಿಲ್ಲ. ಮದುವೆಯಾಗಿ ಬಂದ ಮೇಲೆ ಬಹಳ ಕಾಲ ಅವಳ ಹಾಡು ಗೌರಿಹಬ್ಬಕ್ಕೆ, ಆರತಿಗೆ, ನೆಂಟರ ಮನೆಯ ನಾಮಕರಣಕ್ಕೆ ಅಷ್ಟೇ ಆಗಿತ್ತು. ಆಮೇಲೆ ಯಾರದೋ ಒತ್ತಾಯಕ್ಕೆ ರೇಡಿಯೋ ಸ್ಟೇಷನ್ನಿನ ಪರೀಕ್ಷೆಗೆ ಹೋಗಿ, ತಾನೇ ನಂಬದಂತೆ ಪಾಸಾದಳು. ಒಂದು ಬೆಳಗಿನ ಭಕ್ತಿಗೀತೆಗಳ ಹೊತ್ತಿನಲ್ಲಿ ಹಾಡಲು ಕರೆ ಬಂತು. ಬಂದ ದಿನ ಸಂಜೆ ನಾನು ವಿಮಾ ಕಂಪನಿಯ ಆಫೀಸಿನಿಂದ ಬಂದು ಅಂಗಿ ಕಳಚುತ್ತಿದ್ದಾಗ ಅವಳು ಬಾಗಿಲಿಗೆ ಒರಗಿ ನಿಂತು ಹೇಳಿದ್ದು ನನಗೆ ಇನ್ನೂ ಚೆನ್ನಾಗಿ ನೆನಪಿದೆ.

"ನೋಡ್ರೀ, ಅಣ್ಣ ನನ್ನನ್ನ ಸ್ಟೇಷನ್ನಿಗೆ ಕರಕೊಂಡು ಹೋಗ್ತಾನೆ. ನೀವು ಮನೇಲೇ ಇರ್ಬೇಕು. ನಾನು ಹಾಡಿದ್ದು ನನಗೆ ಕೇಳ್ಸೋದಿಲ್ಲ. ಒಂದ್ಸಲ ಗಾಳಿಗೆ ಬಿಟ್ರೆ ಅವ್ವಳವುದಾನ್, ಮುಗೀತು. ನೀವು ಕೇಳಿ ಹೇಳಿದ್ರೆ ಮಾತ್ರ ನನಗೆ ಉಳಿಯೋದು. ಮೇಲಿನ ಷಡ್ಜಕ್ಕೆ ಹೋದಾಗ ಗಂಟಲು ಬಿಗಿಯತ್ತೆ ಅಂತ ನಮ್ಮ ಮೇಷ್ಟ್ರು ಬೈತಿದ್ರು. ಅಲ್ಲಿ ಹೇಗಾಗತ್ತೆ ನೋಡ್ಬೇಕು. ಚುಮ್ಮಾ 'ಚೆನ್ನಾಗಿತ್ತು' ಅನ್ಬಾರ್ದು. ತಿಳೀತಾ?"

ತಿಳಿಯಿತು ಎಂದೆ. ಅವಳು ಕೇಳಿದ್ದು ಎರಡು ಕಿವಿಗಳನ್ನು. ನಾನು ತಿಳಿದುಕೊಂಡದ್ದು ಹೊಸ ಸ್ಪೀಕರ್ ಬೇಕೆಂದು. ನಮ್ಮ ಮನೆಯ ರೇಡಿಯೋ ಹಳೆಯದು, ಅದರೊಳಗಿನ ಸ್ಪೀಕರ್ ಅಂಗೈಯಷ್ಟು. ಅದರಲ್ಲಿ ಗಂಡಸರು ಹಾಡಿದರೂ ಹೆಂಗಸರು ಹಾಡಿದರೂ ಮೂಗಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡಂತೆ ಕೇಳುತ್ತಿತ್ತು. ಹೆಂಡತಿಯ ಸ್ವರವನ್ನು ಅಂಥದರಲ್ಲಿ ಕೇಳುವುದೆಂದರೆ ಏನು! ಪೆಟ್ಟಿಗೆಯ ಹಿಂದೆ ಬೇರೆ ಸ್ಪೀಕರ್ ಸಿಕ್ಕಿಸಲು ಎರಡು ತೂತುಗಳಿದ್ದವು. ಕೊಂಡಂದಿನಿಂದ ಆ ತೂತುಗಳು ನನ್ನನ್ನೇ ನೋಡುತ್ತಿದ್ದವು.

ಮೌಂಟ್ ರೋಡಿನ ಹಿಂದಿನ ಗಲ್ಲಿಯಲ್ಲಿ ರೇಡಿಯೋ ಸಾಮಾನಿನ ಒಂದು ಅಂಗಡಿ. ಅಂಗಡಿಯವನು ತೂಕದ ಆಸಾಮಿ, ಸುಮ್ಮನೆ ಸಾಮಾನು ಎತ್ತಿಕೊಡುವವನಲ್ಲ. ವೈದ್ಯರು ನಾಡಿ ಹಿಡಿಯುವ ಹಾಗೆ ಮೊದಲು ಕೋಣೆಯ ವಿಚಾರ ಕೇಳಿದ. ಸ್ಪೀಕರನ್ನು ನೋಡಿ ಕೊಳ್ಳಬಾರದು, ಕೋಣೆಯನ್ನು ನೋಡಿ ಕೊಳ್ಳಬೇಕು. ಮೆತ್ತನೆಯ ಸಾಮಾನಿರುವ ಕೋಣೆ ಸದ್ದನ್ನು ಕುಡಿಯುತ್ತದೆ, ಬೋಳು ಕೋಣೆ ತಿರುಗಿ ಎಸೆಯುತ್ತದೆ ಎಂದು ತಮಿಳಿನಲ್ಲಿ ಬಹಳ ಸೊಗಸಾಗಿ ವಿವರಿಸಿದ. ಆಮೇಲೆ ಒಂದೊಂದೇ ಪ್ರಶ್ನೆ. "ಸೋಫಾ ಇರುಕ್ಕಾ ಸಾರ್?" ನಮ್ಮ ಮನೆಯಲ್ಲಿ ಇದ್ದದ್ದು ಒಂದು ಬೆಂಚು, ಒಂದು ಕಾಲು ಕುಂಟುವ ಆರಾಮಕುರ್ಚಿ. ಆದರೆ ಹಿಂದೆ ಬೂಟು ಹಾಕಿದ ಇಬ್ಬರು ಗಿರಾಕಿಗಳು ನಿಂತಿದ್ದರು. "ಇರುಕ್ಕು" ಎಂದೆ. "ಕಾರ್ಪೆಟ್?" ಚಾಪೆ ನೆನಪಾಯಿತು. "ಇರುಕ್ಕು." "ಕರ್ಟನ್?" ಅಡುಗೆಮನೆ ಬಾಗಿಲಿಗೆ ಕಟ್ಟಿದ್ದ ನನ್ನ ಹಳೆಯ ಪಂಚೆ ಕಣ್ಣ ಮುಂದೆ ಬಂತು. "ಅದೂ ಇರುಕ್ಕು." ಅವನು ತೃಪ್ತನಾಗಿ, ಒಳಗಿನಿಂದ ಟೀಕ್ ಮರದ ಪೆಟ್ಟಿಗೆಯಲ್ಲಿ ಕೂತ, ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ತಂದಿಟ್ಟ. ಮೆತ್ತನೆಯ ಕೋಣೆಯಲ್ಲೂ ಖಣಖಣ ಎನ್ನುವಂಥದು. ಹೀಗೆ ಅವನು ಆರಿಸಿಕೊಟ್ಟದ್ದು ಮದರಾಸಿನಲ್ಲಿ ಎಲ್ಲೋ ಇರಬಹುದಾದ ಯಾರದೋ ಮನೆಗೆ ಒಪ್ಪುವ ಸ್ಪೀಕರನ್ನು. ಅದನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ನಾನು ಬಂದದ್ದು ಮಾತ್ರ ಪುರಸೈವಾಕ್ಕಂನ ನನ್ನ ಬಾಡಿಗೆ ಮನೆಗೆ.

ಆ ಮನೆಯ ನಡುಮನೆಯನ್ನು ಸ್ವಲ್ಪ ವರ್ಣಿಸಬೇಕು. ಕೆಂಪು ಗಾರೆ ನೆಲ, ಕೊಕ್ಕೆ ಹಾಕಿ ಎಟುಕಿಸಬೇಕಾದಷ್ಟು ಎತ್ತರದ ತೊಲೆ ಮಾಡು, ನುಣುಪು ಸುಣ್ಣದ ಗೋಡೆ. ಯಾರಾದರೂ ಸೀನಿದರೆ ಗೋಡೆಗಳು ಸರದಿಯ ಮೇಲೆ ಸೀನುತ್ತಿದ್ದವು. ಆದರೂ ಮೊದಲ ಸಂಜೆ ಸ್ಪೀಕರ್ ಹಚ್ಚಿದಾಗ ನನಗೇ ಆಶ್ಚರ್ಯ. ಏನು ಸ್ವರ, ಏನು ಸ್ಪಷ್ಟತೆ! ವೀಣೆ ನುಡಿಸುವವರು ನಮ್ಮ ಬೆಂಚಿನ ಮೇಲೇ ಕೂತಿದ್ದಾರೆ ಅನ್ನಿಸಿತು. ವಾರವಿಡೀ ಸಂಜೆ ಹೀಗೆಯೇ. ಹೆಮ್ಮೆ ತಡೆಯಲಾರದೆ ಭಾನುವಾರ ಬೆಳಿಗ್ಗೆ ಆಫೀಸಿನ ಸ್ನೇಹಿತ ಸೇತುಮಾಧವ ರಾಯನನ್ನು ಕರೆದೆ. ಅವನು ಧಾರವಾಡದ ಕಡೆಯವನು, ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಅದನ್ನು ವಿಮೆಯ ಕಂತು ಲೆಕ್ಕ ಹಾಕುವುದರಲ್ಲಿ ಕಳೆದುಕೊಂಡವನು. ಅವನ ಮುಂದೆ ಗುಂಡಿ ತಿರುಗಿಸಿದೆ. ಸುದ್ದಿ ಓದುವವರು ಒಂದು ಮಾತು ಹೇಳಿದರೆ ಅದು ಮಾಡಿಗೆ ಬಡಿದು, ಗೋಡೆಗೆ ಬಡಿದು, ಎರಡನೆಯ ಮಾತಿನ ಕಾಲಿಗೆ ತೊಡರಿ ಎರಡೂ ಬಿದ್ದವು.

"ಹಿಂಗ್ಯಾಕ ಒದರಲಿಕ್ಕೆ ಹತ್ತದ ರೀ ಇದು?" ಎಂದು ಸೇತುಮಾಧವ ಕಿವಿ ಮುಚ್ಚಿಕೊಂಡ. ಅಡುಗೆಮನೆಯಿಂದ ನಮ್ಮಮ್ಮ, "ಏನೋ ರಾಘೂ, ಬಾವಿಯೊಳಗಿಳಿದು ಜಗಳ ಆಡ್ತಾ ಇದ್ದಾರಾ ಯಾರಾದ್ರೂ?" ಎಂದು ವಿಚಾರಿಸಿದಳು.

ಅಂದು ಸಂಜೆ ಹಚ್ಚಿದರೆ ಮತ್ತೆ ಅಮೃತ. ಮರುದಿನ ಬೆಳಿಗ್ಗೆ ಮತ್ತೆ ಬಾವಿ. ಸಂಜೆ ಒಳ್ಳೆಯದು, ಬೆಳಿಗ್ಗೆ ಕೆಟ್ಟದ್ದು. ವನಜ ಹಾಡುವುದೋ ಬೆಳಿಗ್ಗೆ! ನನಗೆ ಅನ್ನ ಸೇರದಾಯಿತು. ಅವಳು ಒಳಗೆ ಕೂತು ತಂಬೂರಿ ಇಲ್ಲದೆ ಮೆಲ್ಲಗೆ ಸಾಧನೆ ಮಾಡುತ್ತಿದ್ದರೆ ನಾನು ನಡುಮನೆಯಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಅಳೆಯುತ್ತಿದ್ದೆ. ಒಂದೆರಡು ಸಲ ಅವಳು ತನಗೇ ಚಪ್ಪಾಳೆ ಎಂದು ತಿಳಿದು ನಾಚಿಕೊಂಡು ಹೊರಗೆ ಬಂದು ನೋಡಿದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ಸೇತುಮಾಧವ ಯೋಚಿಸಿ ಒಂದು ಸಿದ್ಧಾಂತ ಮಾಡಿದ. "ಸಂಜೀಕೆ ಛಲೋ ಇರ್ತದ, ಮುಂಜಾನೆ ಕೆಡ್ತದ ಅಂದ್ರ ಇದು ಗಾಳೀ ಕಾರಬಾರ. ಸಂಜೀಕೆ ಸಮುದ್ರದ ಗಾಳಿ ಬರ್ತದಲ್ಲ, ಅದರಾಗ ನೀರಿನ ಪಸೆ. ಸಪ್ಪಳ ಮೆತ್ತಗಾಗ್ತದ. ಮುಂಜಾನೆ ಒಣಾ ಗಾಳಿ. ನೀವು ಮುಂಜಾನೆ ಖೋಲಿ ತೊಯಿಸಿ ನೋಡ್ರಿ." ಮದರಾಸಿನಲ್ಲಿ ಯಾವುದಕ್ಕೂ ಕಡಲಗಾಳಿಯನ್ನು ಹೊಣೆ ಮಾಡಬಹುದು, ಹಾಗಾಗಿ ನನಗೆ ಅದು ತಟ್ಟನೆ ಒಪ್ಪಿಗೆಯಾಯಿತು. ಮುಂದಿನ ಭಾನುವಾರ ಬೆಳಿಗ್ಗೆ ಲಾವಂಚದ ತಟ್ಟಿ ತಂದು ಕಿಟಕಿಗೆ ಕಟ್ಟಿ ನೀರು ಎರಚಿದೆ, ನೆಲಕ್ಕೆ ಕೊಡದಿಂದ ಸುರಿದೆ. ಬಾಡಿಗೆ ಕೇಳಲು ಬಂದ ಮನೆಯ ಯಜಮಾನ ಮುದಲಿಯಾರರು ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟವರು ಎರಡನೆಯ ಹೆಜ್ಜೆ ಇಡದೆಯೇ ರೇಡಿಯೋ ತನಕ ಬಂದು ತಲುಪಿದರು. ಸ್ಪೀಕರ್ ಎಂದಿನಂತೆಯೇ ಕೂಗುತ್ತಿತ್ತು, ಈಗ ಅದರ ಜೊತೆಗೆ ಮುದಲಿಯಾರರೂ ಕೂಗಿದರು.

ಇಷ್ಟರಲ್ಲಿ ಅಮ್ಮ ತನ್ನ ತಮ್ಮನ ಮನೆಗೆಂದು ಬೆಂಗಳೂರಿಗೆ ಹೋದಳು. ಅವಳು ಹೋದ ದಿನದಿಂದ ಸಂಜೆಯೂ ಬಾವಿಯಾಯಿತು. ಕಡಲಗಾಳಿ ಬೀಸಿಯೇ ಬೀಸುತ್ತಿತ್ತು, ಸದ್ದು ಮಾತ್ರ ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು. ಅವಳು ತಿರುಗಿ ಬಂದ ಸಂಜೆ ಮತ್ತೆ ಅಮೃತ! ಸ್ಪೀಕರಿಗೂ ಮಾತೃಭಕ್ತಿಯೇ ಎಂದು ಬೆರಗಾಗಿ ಆರಾಮಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿದೆ. ಆಗ ಕಂಡಿತು. ಮಾಡಿನ ತೊಲೆಗೆ ಹಗ್ಗ ಕಟ್ಟಿ ಅಡ್ಡಕ್ಕೆ ತೂಗಹಾಕಿದ್ದ ಬಿದಿರು ಗಳುವಿನ ಮೇಲೆ, ನಡುಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ, ಪದರ ಪದರವಾಗಿ ಇಳಿಬಿದ್ದ ಅಮ್ಮನ ಹದಿನೆಂಟು ಮೊಳದ ಮಡಿಸೀರೆ.

ಅಮ್ಮ ಸಂಜೆ ಸೀರೆ ಒಗೆದು, ಕೋಲಿನ ತುದಿಯಿಂದ ಎತ್ತಿ ಆ ಗಳುವಿನ ಮೇಲೆ ಹರಡುತ್ತಾಳೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬೆಳಗಿನ ಜಾವ ಸ್ನಾನ ಮಾಡಿ, ಅದನ್ನೇ ಇಳಿಸಿ ಉಟ್ಟು, ಮಡಿಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಅಂದರೆ ಸಂಜೆ ನಮ್ಮ ನಡುಮನೆಗೆ ಅಂಗಡಿಯವನು ಕೇಳಿದ ಸೋಫಾ, ಕಾರ್ಪೆಟ್, ಕರ್ಟನ್ ಮೂರೂ ಬಂದು ತೂಗುತ್ತಿದ್ದವು. ಬೆಳಿಗ್ಗೆ ಅವು ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಿದ್ದವು. ಇಷ್ಟು ವರ್ಷ ಆ ಸೀರೆಗೆ ತಲೆ ತಗಲದಂತೆ ಬಗ್ಗಿ ಓಡಾಡಿದವನು, ತಲೆ ಎತ್ತಿ ನೋಡಿರಲಿಲ್ಲ.

ಬೇರೆ ಬಟ್ಟೆ ಕಟ್ಟಬಾರದಿತ್ತೇ ಎಂದು ನೀವು ಕೇಳಬಹುದು. ವನಜಳೂ ಕೇಳಿದಳು. ಗಳು ಮಡಿಯದು, ಅದರ ಮೇಲೆ ಹಾಸಿಗೆಯ ಹೊದಿಕೆ ಹಾಕಿದರೆ ಅಮ್ಮ ನಮ್ಮಿಬ್ಬರನ್ನೂ ಅದರ ಪಕ್ಕದಲ್ಲೇ ತೂಗಹಾಕುತ್ತಿದ್ದಳು. ಬೇರೆ ಕಡೆ ಮೊಳೆ ಹೊಡೆಯೋಣವೆಂದರೆ ಮುದಲಿಯಾರರು ಇನ್ನೂ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ, "ಸುವತ್ಲೆ ಆಣಿ ಅಡಿಕ್ಕಕ್ಕೂಡಾದು!" ಎಂದು ಗೋಡೆಗೆ ಮೊಳೆ ಹೊಡೆಯಕೂಡದೆಂಬ ಹಳೆಯ ಆಜ್ಞೆಯನ್ನು ಹೊಸದಾಗಿ ಸಾರಿದ್ದರು. ಬೆಂಚಿನ ಮೇಲೆ ಹಾಸಿಗೆ ನಿಲ್ಲಿಸಿ ನೋಡಿದೆ, ಅದು ಹಾಡು ಶುರುವಾಗುವ ಮೊದಲೇ ಮಲಗಿತು. ಉಳಿದದ್ದು ಒಂದೇ ದಾರಿ. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದಾಗ ಹೋಗಿ ಎದುರು ಕೂತೆ.

"ಅಮ್ಮ, ವನಜ ಹಾಡೋ ದಿನ ಬೆಳಿಗ್ಗೆ ನೀನು ಮಡಿ ಉಡಬೇಡ."

"ಸ್ನಾನ ಮಾಡಿ ಏನು ಉಟ್ಕೊಳ್ಲೋ?"

"ಸ್ನಾನಾನೇ ಆಮೇಲೆ ಮಾಡು. ಹಾಡು ಮುಗಿದ್ಮೇಲೆ."

ಅಮ್ಮ ಹುರುಳಿಕಾಯಿ ಕೆಳಗಿಟ್ಟಳು. "ಸೂರ್ಯ ಹುಟ್ಟಿದ್ಮೇಲೆ ನಾನು ಸ್ನಾನ ಮಾಡಿದ್ದು ನಿನ್ನ ಹೆತ್ತಾಗ. ಈಗ ನಿನ್ನ ಪೆಟ್ಟಿಗೆಗೋಸ್ಕರ ಇನ್ನೊಂದು ಸಲಾನಾ?" ಎಂದಳು. ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡು, "ಅವಳ ಹಾಡಿಗೋಸ್ಕರ ಅಂದ್ರೆ ಆಗ್ಲಿ. ಪೆಟ್ಟಿಗೆಗೋಸ್ಕರ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದಳು. ನನಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ಅವಳು ಮಡಿಯಲ್ಲಿದ್ದಳು.

ಆ ದಿನ ಬಂತು. ವನಜ ಹೊಸ ಸೀರೆ ಉಟ್ಟು, ಬಿಸಿನೀರು ಕುಡಿದು, ದೇವರಿಗೂ ಅಮ್ಮನಿಗೂ ನಮಸ್ಕಾರ ಮಾಡಿ, ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಗಮನ ಇಟ್ಟು ಕೇಳ್ರೀ" ಎಂದು ಇನ್ನೊಮ್ಮೆ ಹೇಳಿ ಅಣ್ಣನ ಜೊತೆ ಹೊರಟಳು. ನಾನು ಧೈರ್ಯ ಹೇಳಿದೆ. ಹೇಳುತ್ತಲೇ ಗಳುವಿನ ಮೇಲಿನ ಮಡಿಸೀರೆಯ ಸೆರಗು ಎಡಕ್ಕೆ ಸ್ವಲ್ಪ ಕಡಿಮೆ ಇಳಿದಿದೆ ಎಂಬುದನ್ನು ಕಂಡೆ.

ಸೇತುಮಾಧವ ಬಂದ. ಸೊಂಟದ ನೋವು ಮರೆತು ಮುದಲಿಯಾರರು ಮನೆಯವರ ಸಮೇತ ಬಂದರು. ಅಕ್ಕಪಕ್ಕದವರು ಬಂದರು. ಮನುಷ್ಯರ ಮೈಯೂ ಸದ್ದನ್ನು ಕುಡಿಯುತ್ತದೆ ಎಂದು ಸೇತುಮಾಧವ ಹೇಳಿದ್ದರಿಂದ ನಾನು ಅವರನ್ನು ಗಾತ್ರ ನೋಡಿ ಹಂಚಿದೆ. ಮುದಲಿಯಾರರನ್ನು ಅತಿ ಹೆಚ್ಚು ಗುಂಯ್‌ಗುಡುವ ಮೂಲೆಗೆ, ತೆಳ್ಳಗಿನವರನ್ನು ನಡುವೆ. ಮುದಲಿಯಾರರು ಅದನ್ನು ಗೌರವವೆಂದೇ ತಿಳಿದರು. ಸ್ನಾನವಿಲ್ಲ, ಮಡಿಯಿಲ್ಲ, ಹೀಗಾಗಿ ಅಡುಗೆಮನೆ ಹೊಗುವಂತಿಲ್ಲ. ಅಮ್ಮ ಬಂದು ಎಲ್ಲರ ನಡುವೆ ಚಾಪೆಯ ಮೇಲೆ ಕೂತಳು. ನಮ್ಮ ಮನೆಗೆ ರೇಡಿಯೋ ಬಂದ ಮೇಲೆ ಅಮ್ಮ ಅದರೆದುರು ಕೂತದ್ದು ಅದೇ ಮೊದಲು. ಅದುವರೆಗೆ ಅವಳು ಪಂಚೆಯ ಪರದೆಯ ಆಚೆಯಿಂದಲೇ ಪ್ರಪಂಚದ ಸುದ್ದಿ ಕೇಳಿದವಳು.

ವನಜಳ ಹೆಸರು ಹೇಳಿದರು. ಹಾಡು ಶುರುವಾಯಿತು. ನನ್ನ ಎದೆ ಉಬ್ಬಿತು. ಒಂದು ಚೂರಾದರೂ ಪ್ರತಿಧ್ವನಿ ಇದ್ದರೆ ಕೇಳಿ! ಕಿಟಕಿಯ ಹತ್ತಿರ ಹೋಗಿ ಕೇಳಿದೆ, ಅಲ್ಲೂ ಇಲ್ಲ. ಬೆಂಚಿನ ಕೆಳಗೆ ಬಗ್ಗಿ ಕೇಳಿದೆ. ಮುದಲಿಯಾರರ ಹಿಂದೆ ಹೋಗಿ ಕೇಳಿದಾಗ ಕೆಳಸ್ವರ ಸ್ವಲ್ಪ ದಪ್ಪ ಅನ್ನಿಸಿತು, ಅವರನ್ನು ಇನ್ನಷ್ಟು ಮೂಲೆಗೆ ಸರಿಯಲು ಸನ್ನೆ ಮಾಡಿದೆ. ಸೀರೆಯ ಆ ಎಡಗಡೆ ಮಾತ್ರ ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಅಮ್ಮನ ಕಿವಿಯ ಹತ್ತಿರ ಬಗ್ಗಿ, ಕೋಲಿನಿಂದ ಒಂದು ಮೊಳ ಈ ಕಡೆ ಎಳೆಯುತ್ತೀಯಾ ಎಂದು ಪಿಸುಗುಟ್ಟಿದೆ. ಅಮ್ಮ ನನ್ನ ಕಡೆ ನೋಡದೆ, "ಕೂತ್ಕೋ" ಎಂದಳು. ಕೂರಲಿಲ್ಲ. ಕೊನೆಯ ಹಾಡಿನ ಹೊತ್ತಿಗೆ ನಾನು ಪಡಸಾಲೆಯಲ್ಲಿ ನಿಂತು, ಸ್ವರ ಬೀದಿಯವರೆಗೂ ಒಡೆಯದೆ ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೆ. ಬರುತ್ತಿತ್ತು. ಒಳಗೆ ಬಂದಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸೇತುಮಾಧವ ನನ್ನ ಕೈ ಕುಲುಕಿ, "ಭಾಳ ಛಲೋ ಆತ್ರೀ" ಎಂದ. ಸ್ಪೀಕರಿಗೆ ಸಂದ ಮೆಚ್ಚುಗೆ ಎಂದುಕೊಂಡೆ.

ವನಜ ಬಿಸಿಲೇರುವ ಹೊತ್ತಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ, "ಹೇಗಿತ್ತು? ನಿಜ ಹೇಳಿ" ಎಂದಳು.

"ಅದ್ಭುತ! ಒಂದೊಂದಕ್ಷರವೂ ಬಿಡಿಬಿಡಿ. ಅದರಲ್ಲೂ ಕೊನೇಲಿ ಹಾಡಿದೆಯಲ್ಲ, ಆ ದೊಡ್ಡ ಪದ, ಅಲ್ಲಿ ಮೇಲಿನ ಷಡ್ಜ ನಿಂತದ್ದು ನೋಡಬೇಕಿತ್ತು" ಎಂದೆ. ತಿಂಗಳಿಂದ ಅವಳು ಸಾಧಿಸಿದ್ದ ಪದ ಅದು, ಹಾಡಿಯೇ ಇರುತ್ತಾಳೆ ಎಂಬ ಧೈರ್ಯ ನನಗೆ.

ಅವಳ ಮುಖದ ನಗು ಅರ್ಧಕ್ಕೆ ನಿಂತಿತು. "ದೊಡ್ಡ ಪದ ಹಾಡಲೇ ಇಲ್ವಲ್ರೀ. ಹೊತ್ತು ಸಾಲದು, ಚಿಕ್ಕದೇನಾದ್ರೂ ಹಾಡಿ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡಿದ್ರು. ನನಗೆ ಬೇರೇನೂ ತೋಚ್ಲಿಲ್ಲ. ಅತ್ತೆ ಬೆಳಿಗ್ಗೆ ಒಲೆ ಹಚ್ಚೋವಾಗ ಹಾಡ್ಕೋತಾರಲ್ಲ, ಕೃಷ್ಣನ್ನ ಎಬ್ಬಿಸೋ ಹಾಡು, ಅದನ್ನೇ ಹಾಡಿದೆ."

ನಾನು ಹುಟ್ಟಿದಂದಿನಿಂದ ಬೆಳಿಗ್ಗೆ ಕಣ್ಣು ಬಿಟ್ಟದ್ದೇ ಆ ಹಾಡಿಗೆ. ನನ್ನ ಹೆಂಡತಿ ಅದನ್ನು ಮದರಾಸಿಗೆಲ್ಲ ಕೇಳುವಂತೆ ಹಾಡಿದ್ದಳು. ನಾನು ಪಡಸಾಲೆಯಲ್ಲಿ ನಿಂತು ಅದು ಒಡೆಯದೆ ಬಂತೆಂದು ಸಂತೋಷಪಟ್ಟಿದ್ದೆ. ಮೈಕಿನ ಜಾಗ ಸರಿಯಿಲ್ಲವೆಂದು ಹೇಳುವ ಸಂದರ್ಭವೂ ಅದಲ್ಲ. ವನಜ ಬೈಯಲಿಲ್ಲ. "ಅಪ್ಪಡಿಯಾ, ಹಾಗೇನು" ಎಂದಷ್ಟೇ ಹೇಳಿ ಒಳಗೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಬಚ್ಚಲಿನ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಅಮ್ಮ ಅವಳನ್ನು ತಡೆದಳು. "ಗಂಟಲು ಎಲ್ಲೂ ಬಿಗೀಲಿಲ್ಲ ಕಣೆ. ಎರಡನೇ ಪದದಲ್ಲಿ ಒಂದು ಕಡೆ ಹೆದರಿದೆ, ಆಮೇಲೆ ಹಿಡಿದುಕೊಂಡೆ. ಕೊನೇದನ್ನ ಕೇಳ್ಬೇಕಾದ್ರೆ ನನಗೆ ಸ್ನಾನ ಮಾಡಿಲ್ಲ ಅನ್ನೋದೇ ಮರೆತುಹೋಯ್ತು" ಎಂದಳು. ವನಜ ಅಲ್ಲೇ ನಿಂತು ಅತ್ತಳು, ಅಮ್ಮನೂ ಅತ್ತಳು. ನನ್ನ ನಡುಮನೆ ಅದನ್ನೂ ಬಹಳ ಸ್ಪಷ್ಟವಾಗಿ ಕೇಳಿಸಿತು.

ಕೆಲವು ತಿಂಗಳಾದ ಮೇಲೆ ಅವಳಿಗೆ ಮತ್ತೆ ಕರೆ ಬಂತು. ಈ ಸಲ ಬಾಗಿಲಲ್ಲಿ ನಿಂತು, "ನೀವು ಮನೇಲಿ ಕೇಳೋದೇ ಬೇಡ. ಬೀದಿ ಕೊನೇಲಿ ಉಡುಪಿ ಹೋಟೆಲ್ ಇದೆಯಲ್ಲ, ಅಲ್ಲಿ ಹೋಗಿ ಕೂತ್ಕೊಂಡು ಕೇಳಿ" ಎಂದು ಅಪ್ಪಣೆ ಮಾಡಿದಳು. ಹೋದೆ. ಅಲ್ಲಿಯ ರೇಡಿಯೋ ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಹೊಗೆ ಹಿಡಿದು ಕೂತಿತ್ತು. ತಟ್ಟೆ ಲೋಟಗಳ ಸದ್ದು, ಗಿರಾಕಿಗಳ ಗದ್ದಲ. ಹೊಂದಿಸುವಂಥದು ಏನೂ ಇರಲಿಲ್ಲ, ಸರಿಸಲು ನನ್ನವನೆನ್ನುವ ಒಬ್ಬ ಮನುಷ್ಯನೂ ಇರಲಿಲ್ಲ. ಬೇರೆ ಕೆಲಸವಿಲ್ಲದೆ ಹಾಡು ಕೇಳಿದೆ. ಕಾಫಿ ಆರಿಹೋಯಿತು. ಇಷ್ಟು ವರ್ಷ ನನ್ನ ಮನೆಯಲ್ಲೇ ಇದ್ದ ಸ್ವರ ಇಷ್ಟು ಚೆನ್ನಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಗೆ ಬಂದು ಅವಳಿಗೆ ಎಲ್ಲ ಒಪ್ಪಿಸಿದೆ. ಎಲ್ಲಿ ಉಸಿರು ತೆಗೆದುಕೊಂಡಳು, ಎಲ್ಲಿ ನಿಧಾನ ಮಾಡಿದಳು, ಮೇಲಿನ ಷಡ್ಜ ಹೇಗೆ ಸಲೀಸಾಗಿ ಬಂತು, ಎಲ್ಲ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು. "ಎರಡನೇ ಪದದ ನಡುವೆ ಒಂದೆರಡು ಸಾಲು ಮಾತ್ರ ಕೇಳಲಿಲ್ಲ. ಅದೇ ಹೊತ್ತಿಗೆ ಮಾಣಿ 'ಮಸಾಲೆ ಒಂದು, ಖಾಲಿ ಎರಡು' ಅಂತ ಕೂಗಿಬಿಟ್ಟ" ಎಂದೆ.

ಅವಳು ದೇವರ ಮನೆಯ ಕಡೆ ಕೈ ಮುಗಿದಳು. "ಅಲ್ಲೇ ರೀ ನಾನು ಸಾಹಿತ್ಯ ಮರೆತು ಏನೇನೋ ಹಾಡಿದ್ದು! ಆ ಮಾಣಿ ನೂರು ಕಾಲ ಬದುಕ್ಲಿ."

ನಮ್ಮ ಮನೆಯ ಸ್ಪೀಕರಿನಲ್ಲಾಗಿದ್ದರೆ ಆ ತಪ್ಪು ಅಕ್ಷರ ಅಕ್ಷರವಾಗಿ ಕೇಳಿಸುತ್ತಿತ್ತು ಎಂದು ಹೆಮ್ಮೆಯಿಂದ ಹೇಳಹೊರಟೆ. "ಯಾರಿಗೆ ಕೇಳಿಸ್ತಿತ್ತು?" ಎಂದು ಅವಳು ಕೇಳುವಳೆಂಬುದು ಹೊಳೆದು ಬಾಯಿ ಮುಚ್ಚಿಕೊಂಡೆ.